ಕುರಿಯೂ ಕಿರುವೂ

ಐಚ್ಛಿಕ ಕನ್ನಡ ಓದುವವನಿಗೆ ಕಂಪ್ಯೂಟರಿನ ಗೊಡವೆ ಏಕೆಂದು ಗೆಳೆಯರು ಕೇಳುತ್ತಾರೆ. ಕಾರಣ ದೊಡ್ಡದೇನಲ್ಲ. ಈ ವರ್ಷ ಹೊರಗಿನ ಒಂದು ವಿಷಯ ಆರಿಸಿಕೊಳ್ಳಬೇಕಾಗಿತ್ತು. ನಾನು ಹೋಗುವ ಹೊತ್ತಿಗೆ ಮಿಕ್ಕವೆಲ್ಲ ಭರ್ತಿಯಾಗಿ ಇದೊಂದೇ ಉಳಿದಿತ್ತು. ಕೊನೆಯ ಪಂಕ್ತಿಗೆ ಕುಳಿತವನು ಬಡಿಸಿದ್ದನ್ನು ಉಣ್ಣಬೇಕಷ್ಟೆ.

ಮೇಷ್ಟರು ಕೊಟ್ಟ ಲೆಕ್ಕ ಸುಲಭದ್ದೇ. ಎರಡು ಪದ ಕೊಟ್ಟರೆ, ಒಂದರ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಇನ್ನೊಂದನ್ನು ಕಟ್ಟಬಹುದೇ ಎಂದು ಹೇಳುವ ಪ್ರೋಗ್ರಾಮು ಬರೆಯಬೇಕು. ಇಂಗ್ಲಿಷಿನವರು ಇದನ್ನು ಆನಗ್ರಾಮ್ ಎನ್ನುತ್ತಾರೆ. ನಾವು ಅಕ್ಷರಪಲ್ಲಟ ಎನ್ನೋಣ. 'ಲಿಸನ್', 'ಸೈಲೆಂಟ್' ಎಂಬ ಎರಡು ಪದಗಳಿವೆಯಲ್ಲ, ಕಿವಿಗೆ ಅವು ದಾಯಾದಿಗಳೂ ಅಲ್ಲ. ಆದರೆ ಇಂಗ್ಲಿಷಿನಲ್ಲಿ ಬರೆದು ನೋಡಿದರೆ ಎರಡರಲ್ಲೂ ಅವೇ ಆರು ಅಕ್ಷರಗಳು.

ಉಪಾಯವೂ ಸುಲಭ. ಎರಡು ಪದಗಳ ಅಕ್ಷರಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ, ಎರಡು ಸಾಲೂ ಒಂದೇ ಆದರೆ ಹೌದು, ಬೇರೆಯಾದರೆ ಅಲ್ಲ. ಇದು ಯಂತ್ರ ಬಂದಮೇಲೆ ಹುಟ್ಟಿದ ಬುದ್ಧಿಯೆಂದು ತಿಳಿದಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು: ರಾಬರ್ಟ್ ಹುಕ್ ಎಂಬ ವಿಜ್ಞಾನಿ 1676ರಲ್ಲಿ ಸ್ಪ್ರಿಂಗಿನ ನಿಯಮವನ್ನು ಕಂಡುಕೊಂಡು, ಅದನ್ನು ಬೇರೆಯವರು ಕದಿಯದಿರಲೆಂದು ಆ ಲ್ಯಾಟಿನ್ ವಾಕ್ಯದ 14 ಅಕ್ಷರಗಳನ್ನು ಹೀಗೆಯೇ ಕ್ರಮವಾಗಿ ಜೋಡಿಸಿ ಅಚ್ಚು ಹಾಕಿಸಿದ್ದನಂತೆ. ಅರ್ಥ ಬಿಡಿಸಿ ಹೇಳಿದ್ದು 1678ರಲ್ಲಿ. ಎರಡು ವರ್ಷ ಗುಟ್ಟು ಕಾಪಾಡಿದ ಆ ಪುಣ್ಯಾತ್ಮನ ಹೊಟ್ಟೆ ಗಟ್ಟಿ!

ನನ್ನ ಪ್ರೋಗ್ರಾಮು ಐದಾರು ಸಾಲಿನದು. ಮೇಷ್ಟರು ಇಂಗ್ಲಿಷ್ ಪದಗಳನ್ನು ಹಾಕಿ ನೋಡಿದರು, ಅಂಕ ಕೊಟ್ಟರು. ಅಲ್ಲಿಗೆ ಮುಗಿಯಬೇಕಾಗಿತ್ತು.

ಮುಗಿಯದಂತೆ ಮಾಡಿದವಳು ನಮ್ಮಜ್ಜಿ. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹೆಬ್ಬೆಟ್ಟೇ ಆಕೆಯ ರುಜು. ಆದರೆ ನಾವು ಚಿಕ್ಕವರಿದ್ದಾಗ ಕರೆಂಟು ಹೋದ ರಾತ್ರಿಗಳಲ್ಲಿ ಮಾತು ತಿರುಗಿಸುವ ಆಟ ಆಡಿಸುತ್ತಿದ್ದಳು. 'ನದಿ' ಎಂದರೆ ನಾವು 'ದಿನ' ಎನ್ನಬೇಕು. 'ಸರ' ಎಂದರೆ 'ರಸ'. ಬೇಡನು 'ಮರಾ ಮರಾ' ಎಂದು ಜಪಿಸುತ್ತ 'ರಾಮ ರಾಮ' ಎಂದು ವಾಲ್ಮೀಕಿಯಾದ ಕಥೆಯೊಂದಿಗೆ ಆಟ ಮುಗಿಯುತ್ತಿತ್ತು. ಆ ಆಟವನ್ನೇ ಯಂತ್ರಕ್ಕೆ ಕಲಿಸಿದ್ದೇನೆಂದು ಆಕೆಗೆ ತೋರಿಸುವ ಆಸೆಯಾಯಿತು. ಇನ್ನೂರು ಕನ್ನಡ ಪದಗಳನ್ನು ತುಂಬಿ, ಯಂತ್ರ ಕಂಡುಹಿಡಿದ ಜೋಡಿಗಳನ್ನು ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಗಟ್ಟಿಯಾಗಿ ಓದಿದೆ. ಮೆಂತ್ಯದ ಸೊಪ್ಪು ಬಿಡಿಸುತ್ತ ಆಕೆ ತಲೆದೂಗುತ್ತಿದ್ದಳು.

"ಕುರಿ, ಕಿರು."

ಅಜ್ಜಿಯ ಕೈ ನಿಂತಿತು. "ಏನಂದೆ?"

"ಕುರಿ ತಿರುಗಿಸಿದರೆ ಕಿರು, ಅಜ್ಜಿ."

"ಕುರಿ ತಿರುಗಿಸಿದರೆ ರಿಕು ಆಗತ್ತೆ ಕಣೋ. ಕಿರು ಎಲ್ಲಿಂದ ಬಂತು?" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅದರ ಕೆಳಗೇ 'ಕಾಲ, ಕಲಾ' ಎಂದಿತ್ತು. ಕಲಾವಿಭಾಗದವನಾದ ನಾನು ಅದನ್ನು ಓದಲಿಲ್ಲ.

ರಾತ್ರಿ ಕುಳಿತು ನೋಡಿದೆ. ಯಂತ್ರಕ್ಕೆ 'ಕು' ಎಂಬ ಅಕ್ಷರವೇ ಇಲ್ಲ. ಕಕಾರಕ್ಕೆ 3221 ಎಂಬ ಅಂಕಿ, ಕೊಂಬಿಗೆ ಬೇರೆಯೇ 3265. ರಕಾರಕ್ಕೆ 3248, ಗುಡಿಸಿಗೆ 3263. 'ಕುರಿ'ಯಲ್ಲಿ ಈ ನಾಲ್ಕು, 'ಕಿರು'ವಿನಲ್ಲೂ ಈ ನಾಲ್ಕೇ. ಕೊಂಬನ್ನು ರಕಾರಕ್ಕೂ ಗುಡಿಸನ್ನು ಕಕಾರಕ್ಕೂ ಅಂಟಿಸಿ ಯಂತ್ರ ನಿಶ್ಚಿಂತೆಯಿಂದ ಹೌದೆಂದಿತ್ತು. 'ಅಕ್ಕ' ಎಂಬ ಎರಡಕ್ಷರದ ಮಾತು ಅದಕ್ಕೆ ನಾಲ್ಕು ಅಂಕಿ. ಇನ್ನೊಂದು ತಮಾಷೆ: 'ಕೊ' ಎಂಬುದರ ಗುರುತನ್ನು ಒಂದೇ ಅಂಕಿಯಾಗಿಯೂ ಬರೆಯಬಹುದು, ಏತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರ ಮಾತ್ರ 'ಕೊಡೆ'ಯೇ 'ಕೊಡೆ'ಯಲ್ಲ ಎಂದುಬಿಡುತ್ತದೆ! ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತಂದುಕೊಂಡರೆ ಈ ತೊಡಕು ತೀರುತ್ತದೆ.

ಅಕ್ಷರವೆಂದರೆ ಏನೆಂದು ಯಂತ್ರಕ್ಕೆ ನಾನೇ ಹೇಳಿಕೊಡಬೇಕಾಯಿತು. ನನಗಾದರೂ ಗೊತ್ತಿತ್ತೇ? ಚಿಕ್ಕಂದಿನಲ್ಲಿ ನಾವು ಆಡುತ್ತಿದ್ದ 'ಕ' ಭಾಷೆ ನೆನಪಿಗೆ ಬಂತು. 'ನೀನು' ಎನ್ನಲು 'ಕನೀಕನು' ಎನ್ನುತ್ತಿದ್ದೆವು. ಯಾವ ಮಗುವೂ ಗುಡಿಸಿನ ಮುಂದೆ ಬೇರೆ, ಕೊಂಬಿನ ಮುಂದೆ ಬೇರೆ 'ಕ' ಹಾಕಿದ್ದನ್ನು ನಾನು ಕೇಳಿಲ್ಲ. ಎಲ್ಲಿ ಒಡೆಯಬೇಕೆಂಬುದು ನಾಲಗೆಗೆ ಗೊತ್ತು. ಅದನ್ನೇ ಬರೆದೆ: ಕಾಗುಣಿತದ ಗುರುತಾಗಲಿ, ಸೊನ್ನೆಯಾಗಲಿ, ಒತ್ತಾಗಲಿ ಬಂದರೆ ಹಿಂದಿನದಕ್ಕೆ ಸೇರಿಸು, ಬಿಡಿ ಸ್ವರವೋ ಒತ್ತಲ್ಲದ ವ್ಯಂಜನವೋ ಬಂದರೆ ಅಲ್ಲಿಂದ ಹೊಸ ಅಕ್ಷರ ಆರಂಭಿಸು. ಐದಾರು ಸಾಲಿನದು ಮೂವತ್ತು ಸಾಲಾಯಿತು. ಒತ್ತಿನ ಕೆಳಗೆ ಒತ್ತು ಬರುವ 'ಶಾಸ್ತ್ರ' ಒಂದೇ ಎರಡು ದಿನ ತಿಂದಿತು.

ನಡುವೆ ನನ್ನ ಕನ್ನಡ ಪಾಠವೇ ಅಡ್ಡ ಬಂತು. ಕೇಶಿರಾಜನನ್ನು ಓದಿದವನು ಅಕ್ಷರಕ್ಕೆ ನಿಲ್ಲದೆ ವರ್ಣಕ್ಕೆ ಇಳಿಯಬೇಡವೇ? 'ಕುರಿ'ಯಲ್ಲಿ ಕ್, ಉ, ರ್, ಇ. 'ಕಿರು'ವಿನಲ್ಲಿ ಕ್, ಇ, ರ್, ಉ. ವರ್ಣಗಳ ಲೆಕ್ಕದಲ್ಲಿ ಯಂತ್ರ ಹೇಳಿದ್ದು ತಪ್ಪೇ ಅಲ್ಲ! ವೈಯಾಕರಣರು ಯಂತ್ರದ ಕಡೆ, ಅಜ್ಜಿ ಒಬ್ಬಳೇ ಇನ್ನೊಂದು ಕಡೆ. ಬಹಳ ಹೊತ್ತು ಯೋಚಿಸಿ ನಾನು ಅಜ್ಜಿಯ ಕಡೆ ಸೇರಿದೆ. ಆಟ ಆಕೆಯದು.

ಹೊಸ ಪಟ್ಟಿಯನ್ನು ಮೊನ್ನೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿ, "ಕುರಿ ಎಲ್ಲಿ ಹೋಯಿತೋ?" ಎಂದಳು.

"ತೆಗೆದುಹಾಕಿದೆ ಅಜ್ಜಿ."

"ಒಳ್ಳೇದಾಯ್ತು. ಈಗ ಆ ಯಂತ್ರ ಅತ್ತ ಇಟ್ಟು ನೀನು ಹೇಳು. ಜಗ?"

ನಾನು 'ಗಜ' ಎನ್ನುವುದರೊಳಗೆ ಆಕೆ ಮುಂದಿನ ಮಾತು ಹಾಕಿಯಾಗಿತ್ತು.