ಕರಟದ ಇದ್ದಿಲು ಮತ್ತು ಮಳೆಗಾಲದ ಗಾಳಿ

ತುಮಕೂರು ಜಿಲ್ಲೆಯ ಉತ್ತರದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಬಯಲುಸೀಮೆಯ ಬಿಸಿಲನ್ನು ಚೆನ್ನಾಗಿ ಬಲ್ಲವು. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟ ಕಾದ ಹೆಂಚಿನಂತಿರುತ್ತದೆ. ಹರವಿದ ಹಸಿಬಟ್ಟೆ ಗಳಿಗೆಯೊಳಗೆ ಒಣಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹಿಡಿದಾಗಲಾದರೋ ಅದೇ ಬಟ್ಟೆ ಎರಡು ದಿನವಾದರೂ ಒಣಗದು. ಡಬ್ಬಿಯ ಉಪ್ಪು ನೀರೊಡೆಯುತ್ತದೆ. ಗಾಳಿಯ ತೇವದ ಈ ಏರಿಳಿತವನ್ನು ಗೃಹಿಣಿಯು ಬಟ್ಟೆಯಿಂದ ಅರಿಯುತ್ತಾಳೆ, ರೈತನು ಕಡಲೆಕಾಯಿಯ ರಾಶಿಯಿಂದ ಅರಿಯುತ್ತಾನೆ. ದುಡಿಮೆಯ ಸ್ಥಳದ ಗಾಳಿಯನ್ನು ಅಳೆಯುವವನು ಇದನ್ನು ಅರಿಯದೆ ಹೋದರೆ ಅದರ ಬೆಲೆಯನ್ನು ತೆರುವವರು ಬೇರೆಯವರು.

ಶಿರಾದ ಹೆದ್ದಾರಿಯ ಬದಿಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಒಂದು ಶೆಡ್ಡನ್ನು ಮನಸ್ಸಿಗೆ ತಂದುಕೊಳ್ಳಬಹುದು. ಬಣ್ಣವನ್ನು ತೆಳುಮಾಡಲು ಬೆರೆಸುವ ಥಿನ್ನರಿನಲ್ಲಿ ಸಾಮಾನ್ಯವಾಗಿ ಟಾಲೂಯಿನ್, ಅಸಿಟೋನ್ ಮೊದಲಾದ ದ್ರಾವಕಗಳಿರುತ್ತವೆ. ಬಣ್ಣ ಒಣಗುವಾಗ ಈ ದ್ರಾವಕಗಳು ಆವಿಯಾಗಿ ಗಾಳಿಯನ್ನು ಸೇರುತ್ತವೆ. ಅಲ್ಲಿ ದುಡಿಯುವವನು ಆ ಗಾಳಿಯನ್ನೇ ಉಸಿರಾಡಬೇಕು. ಮೊದಲು ತಲೆನೋವು, ತಲೆಸುತ್ತು. ವರ್ಷಗಟ್ಟಲೆ ಹೀಗೆಯೇ ನಡೆದರೆ ನರಮಂಡಲಕ್ಕೇ ಕೇಡು. ಮೂಗನ್ನು ನಂಬುವಂತಿಲ್ಲ; ಸ್ವಲ್ಪ ಹೊತ್ತಿನಲ್ಲಿಯೇ ಅದು ವಾಸನೆಗೆ ಒಗ್ಗಿಹೋಗುತ್ತದೆ. ಆದುದರಿಂದಲೇ ಅಳತೆ ಬೇಕಾಯಿತು. 1948ರ ಕಾರ್ಖಾನೆಗಳ ಕಾಯ್ದೆಗೆ 1987ರಲ್ಲಿ ತಂದ ತಿದ್ದುಪಡಿಯು ಇಂತಹ ಆವಿಗಳಿಗೆ ಮಿತಿಗಳನ್ನು ಗೊತ್ತುಪಡಿಸಿತು. ಟಾಲೂಯಿನ್ ಆವಿಗೆ ಅದು ವಿಧಿಸಿದ ಮಿತಿ ಎಂಟು ಗಂಟೆಗಳ ಸರಾಸರಿಯಲ್ಲಿ ಘನಮೀಟರಿಗೆ 375 ಮಿಲಿಗ್ರಾಂ.

ಅಳೆಯುವ ಸಾಧನ ನೋಡಲು ಬಹು ಸರಳ. ಅದು ಬೆರಳುದ್ದದ ಒಂದು ಗಾಜಿನ ನಳಿಗೆ. ಅದರೊಳಗೆ ಇರುವುದು ತೆಂಗಿನ ಕರಟದ ಇದ್ದಿಲು. ಮುಂಭಾಗದಲ್ಲಿ 100 ಮಿಲಿಗ್ರಾಂ, ಹಿಂಭಾಗದಲ್ಲಿ 50 ಮಿಲಿಗ್ರಾಂ. ತೆಂಗು ಬೆಳೆಯುವ ಈ ಜಿಲ್ಲೆಯಲ್ಲಿ ಕರಟವೆಂದರೆ ಬಚ್ಚಲೊಲೆಯ ಸೌದೆ. ಆದರೆ ವಿಶೇಷವಾಗಿ ಹದಗೊಳಿಸಿದ ಅದರ ಇದ್ದಿಲಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿರುತ್ತವೆ. ಒಂದು ಗ್ರಾಂ ಇದ್ದಿಲಿನ ಒಳಮೈ ಸುಮಾರು 1000 ಚದರ ಮೀಟರಿನಷ್ಟು ವಿಸ್ತಾರವಾಗಿರುತ್ತದೆ. ನಳಿಗೆಯನ್ನು ಕೆಲಸಗಾರನ ಕೊರಳಪಟ್ಟಿಗೂ ಪುಟ್ಟ ಪಂಪನ್ನು ಸೊಂಟಕ್ಕೂ ಕಟ್ಟುತ್ತಾರೆ. ಪಂಪು ನಿಮಿಷಕ್ಕೆ ಹೆಚ್ಚೆಂದರೆ 200 ಮಿಲಿಲೀಟರ್ ಗಾಳಿಯನ್ನು ಸೆಳೆಯುತ್ತದೆ. ದ್ರಾವಕದ ಅಣುಗಳು ರಂಧ್ರಗಳ ಗೋಡೆಗೆ ಅಂಟಿ ನಿಲ್ಲುತ್ತವೆ. ಅನಂತರ ಪ್ರಯೋಗಶಾಲೆಯಲ್ಲಿ ಅವುಗಳನ್ನು ಬಿಡಿಸಿ ಎಷ್ಟಿವೆಯೆಂದು ಕಂಡುಹಿಡಿಯುತ್ತಾರೆ.

ಗಾಳಿ ಒಣಗಿದ್ದಾಗ ಇದ್ದಿಲು ನೀರಿನ ಆವಿಯನ್ನು ಅಷ್ಟಾಗಿ ಲೆಕ್ಕಿಸದು. ಸಾಪೇಕ್ಷ ಆರ್ದ್ರತೆ ಶೇಕಡಾ 50–60ನ್ನು ದಾಟಿತೆಂದರೆ ಮಾತ್ರ ಸಣ್ಣ ರಂಧ್ರಗಳಲ್ಲಿ ನೀರು ಸೇರಿ ತುಂಬತೊಡಗುತ್ತದೆ. 25 ಡಿಗ್ರಿ ಉಷ್ಣತೆ, ಶೇಕಡಾ 90ರ ಆರ್ದ್ರತೆ ಇರುವ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 20 ಗ್ರಾಂ ನೀರಿರುತ್ತದೆ. ಇದು ಟಾಲೂಯಿನ್ನಿನ ಮಿತಿಗಿಂತ ಐವತ್ತು ಪಟ್ಟು ಹೆಚ್ಚು! ಮಧುಗಿರಿಯಿಂದ ಪಾವಗಡಕ್ಕೆ ಹೊರಡುವ ಬಸ್ಸಿನಲ್ಲಿ ಸಾಮಾನ್ಯ ದಿನಗಳಲ್ಲಿ ನಡುದಾರಿಯಲ್ಲಿ ಹತ್ತಿದವನಿಗೂ ಕೂರಲು ಸ್ಥಳ ದೊರೆಯುತ್ತದೆ. ಜಾತ್ರೆಯ ದಿನ ನಿಲ್ದಾಣದಲ್ಲಿಯೇ ಬಸ್ಸು ತುಂಬಿರುತ್ತದೆ. ಆಮೇಲೆ ಹತ್ತಿದವನು ಬಾಗಿಲಲ್ಲಿ ಜೋತು ನಿಂತು ಬೇಗನೆ ಇಳಿಯಬೇಕಾಗುತ್ತದೆ. ತೇವದ ದಿನ ದ್ರಾವಕದ ಪಾಡೂ ಇದೇ. ಇದ್ದಿಲಿನಲ್ಲಿ ನಿಲ್ಲಲಾರದೆ ಅದು ನಳಿಗೆಯ ಆಚೆಗೆ ಹೊರಟುಹೋಗುತ್ತದೆ. ಟಾಲೂಯಿನ್ ಒಂದಿಷ್ಟು ಹೋರಾಡಿ ಸ್ಥಳ ಹಿಡಿಯಬಲ್ಲದು. ಅಸಿಟೋನಿನಂತಹವು ಬೇಗನೆ ಸೋಲುತ್ತವೆ.

ಇಲ್ಲಿ ಇನ್ನೊಂದು ವಿಪರ್ಯಾಸವಿದೆ. ಮಳೆ ಬಂದಾಗ ಎರಚಲು ಬೀಳದಿರಲೆಂದು ಶೆಡ್ಡಿನ ಬಾಗಿಲುಗಳನ್ನು ಮುಚ್ಚುತ್ತಾರೆ. ಹೊರಗಿನ ಗಾಳಿ ಬಾರದೆ ಒಳಗಿನ ಆವಿ ದಟ್ಟವಾಗುತ್ತದೆ. ಉಸಿರಿಗೆ ಅಪಾಯ ಹೆಚ್ಚಿದ ದಿನವೇ ಇದ್ದಿಲು ಕಡಿಮೆ ಲೆಕ್ಕ ಹೇಳುತ್ತದೆ. "ಮಿತಿಯೊಳಗಿದೆ" ಎಂಬ ವರದಿ ಬಂದ ಮೇಲೆ ಕೆಟ್ಟ ಫ್ಯಾನನ್ನು ರಿಪೇರಿ ಮಾಡಿಸುವವರು ಯಾರು?

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಳಿಗೆಯನ್ನು ರೂಪಿಸಿದವರು ಮರೆತಿಲ್ಲ. ಹಿಂಭಾಗದ 50 ಮಿಲಿಗ್ರಾಂ ಇದ್ದಿಲು ಸಾಕ್ಷಿಯಂತೆ ಕುಳಿತಿದೆ. ಮುಂಭಾಗದಲ್ಲಿ ಸಿಕ್ಕಿದ್ದರ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ದ್ರಾವಕ ಅಲ್ಲಿ ಕಂಡರೆ, ಮಾದರಿಯ ಸ್ವಲ್ಪ ಭಾಗ ಕೈತಪ್ಪಿರಬಹುದೆಂದು ಶಂಕಿಸಬೇಕು. ತೇವದ ದಿನ ಪಂಪಿನ ವೇಗವನ್ನು ತಗ್ಗಿಸುವುದು, ನಳಿಗೆಯನ್ನು ಬೇಗ ಬೇಗ ಬದಲಿಸುವುದು, ಹೆಚ್ಚು ಇದ್ದಿಲಿರುವ ನಳಿಗೆಯನ್ನೋ ನೀರನ್ನು ಹೀರದ ಬೇರೊಂದು ವಸ್ತುವನ್ನೋ ಬಳಸುವುದು ವಿಹಿತ. ಎಲ್ಲಕ್ಕಿಂತ ಮೊದಲು, ಒಣಬುರುಡೆ ಮತ್ತು ಹಸಿಬುರುಡೆಯ ಉಷ್ಣಮಾಪಕಗಳಿಂದ ಆರ್ದ್ರತೆಯನ್ನು ತಿಳಿದು ಬರೆದುಕೊಳ್ಳಬೇಕು. ಇದಕ್ಕೆ ಹಿಡಿಯುವುದು ಕೆಲವೇ ನಿಮಿಷ.

ಸಂಜೆ ನಳಿಗೆಯನ್ನು ಬಿಚ್ಚುವಾಗ ಬಣ್ಣದ ಕೈಯ ಕೆಲಸಗಾರನು, "ಸ್ವಾಮಿ, ನಮ್ಮ ಗಾಳಿ ಹೇಗಿದೆ?" ಎಂದು ಕೇಳಿದನೆನ್ನಿ. ಹೊರಗೆ ಮಳೆ ಸುರಿಯುತ್ತಿದೆ, ಬಾಗಿಲು ಮುಚ್ಚಿದೆ. ಅಳೆದವನು ತೇವವನ್ನು ಬರೆದುಕೊಂಡಿದ್ದರೆ ಮಾತ್ರ ಆ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕೊಡಬಲ್ಲನು. ಅಲ್ಲಿಯವರೆಗೆ ಅವನು ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ಎದ್ದು ಹೋಗಿ ಆ ಬಾಗಿಲನ್ನು ತೆರೆಯುವುದು.