ಒಬ್ಳೇನಾ?

ಊರಿನವರ ಪ್ರಕಾರ ನಾನು ಬೆಂಗಳೂರಲ್ಲಿದ್ದೇನೆ. ಬೆಂಗಳೂರಿನವರ ಪ್ರಕಾರ ನಾನಿರೋದು ಹೆಚ್ಚೂಕಮ್ಮಿ ಹೊಸೂರಲ್ಲಿ. ಆನೇಕಲ್ ತಾಲ್ಲೂಕಿನ ಚಂದಾಪುರ ಅಂದ್ರೆ ಹಾಗೇ. ಆಫೀಸಿರೋದು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಬಾಡಿಗೆ ಕಡಿಮೆ ಅಂತ ಪಿಜಿ ಇಲ್ಲಿ.

ಮೊದಲ ಮೂರು ತಿಂಗಳು ನನಗೆ ಗೊತ್ತಿದ್ದದ್ದು ಪಿಜಿ, ಕ್ಯಾಬ್ ನಿಲ್ಲೋ ಜಾಗ, ಆನೇಕಲ್ ರಸ್ತೆಯ ಒಂದು ದರ್ಶಿನಿ. ಶನಿವಾರ ಬಂದ್ರೆ ರೂಮ್‌ಮೇಟ್‌ಗಳು ಊರಿಗೆ. ಟ್ರಿಪ್ಪಿಗೆಂದೇ ಎರಡು ವಾಟ್ಸಾಪ್ ಗ್ರೂಪ್ ಇದ್ದವು; ಎರಡೂ ಗೋಕರ್ಣಕ್ಕೆ ಹೊರಟು ಹೊರಟು ಅಲ್ಲೇ ನಿಂತಿದ್ದವು. ಒಂದು ಭಾನುವಾರ ಸುಮ್ಮನೆ ಆನೇಕಲ್ ಬಸ್ ಹತ್ತಿಬಿಟ್ಟೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ಸಂಬಳ ಬರೋ ನಿನಗ್ಯಾಕೆ ಅಂತೀರಾ? ದುಡ್ಡಿಗಿಂತ ಹೆಚ್ಚಾಗಿ ನನಗೆ ಸಿಕ್ಕಿದ್ದು ಧೈರ್ಯ. ಇಷ್ಟ ಆಗದಿದ್ರೆ ಮುಂದಿನ ಸ್ಟಾಪಲ್ಲಿ ಇಳಿದು ವಾಪಸ್ ಬಂದರಾಯ್ತು, ಕಳಕೊಳ್ಳೋದೇನೂ ಇಲ್ಲ.

ಅವತ್ತು ಆನೇಕಲ್ಲಿನ ತಿಮ್ಮರಾಯಸ್ವಾಮಿ ದೇವಸ್ಥಾನ. ಆಮೇಲೊಮ್ಮೆ ಹೀಲಲಿಗೆ ಸ್ಟೇಷನ್ನಿಂದ ಪ್ಯಾಸೆಂಜರ್ ರೈಲಲ್ಲಿ ಹೊಸೂರು, ಚಂದ್ರಚೂಡೇಶ್ವರನ ಬೆಟ್ಟ. ಬೋರ್ಡೆಲ್ಲ ತಮಿಳು, ಹೂವಿನವ್ವ ಮಾತಾಡಿಸಿದ್ದು ಕನ್ನಡದಲ್ಲಿ: "ಒಬ್ಳೇನಾಮ್ಮಾ?"

ಈ ಪ್ರಶ್ನೆ ಎಲ್ಲ ಕಡೆ ಬರುತ್ತೆ. ಕಂಡಕ್ಟರ್ ಕೇಳ್ತಾರೆ, ಹೋಟೆಲಿನವರು ಕೇಳ್ತಾರೆ. ಮೊದಮೊದಲು ಮೈ ಉರಿಯೋದು. ಈಗ "ಹೌದು" ಅಂತ ಹೇಳಿ ಮುಂದಿನ ಬಸ್ ಎಷ್ಟೊತ್ತಿಗೆ ಅಂತ ಕೇಳ್ತೀನಿ. ನನ್ನ ನಿಯಮ ಮೂರೇ: ಎಲ್ಲಿದ್ದೀನಿ ಅಂತ ಒಬ್ಬರಿಗಾದ್ರೂ ಗೊತ್ತಿರಬೇಕು, ಹೊಸ ಜಾಗದಿಂದ ಕತ್ತಲಾಗೋ ಮೊದಲು ಹೊರಡಬೇಕು, ಪಿಜಿ ವಿಳಾಸ ಯಾರಿಗೂ ಹೇಳಬಾರದು.

ಕಷ್ಟ ಆಗಿದ್ದು ಅಮ್ಮನ ಜೊತೆ. ಮೈಸೂರಿಗೆ ಒಬ್ಬಳೇ ಹೋಗಿ ಒಂದು ರಾತ್ರಿ ಉಳೀತೀನಿ ಅಂದಾಗ, "ಮದುವೆ ಆದ್ಮೇಲೆ ಇಬ್ರೂ ಸುತ್ತುವಿರಂತೆ" ಅಂದು ಫೋನಿಟ್ಟಳು. ಸುಳ್ಳು ಹೇಳಿ ಹೋಗಬಹುದಿತ್ತು, ಹೇಳಲಿಲ್ಲ. ಬಸ್ ಹತ್ತಿದಾಗೊಂದು, ರೂಮ್ ಸೇರಿದಾಗೊಂದು ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ವಾರ ಬಿಟ್ಟು ಅವಳೇ ಕೇಳಿದಳು: "ಅರಮನೆ ದೀಪ ನೋಡಿದ್ಯಾ?"

ಹರಿಹರದಿಂದ ದಾವಣಗೆರೆ ದಾಟಿ ಒಬ್ಬಳೇ ಹೋದವಳಲ್ಲ ನಮ್ಮಮ್ಮ. ಕಳೆದ ತಿಂಗಳು ಮೆಜೆಸ್ಟಿಕ್ಕಿಗೆ ಬಂದಿಳಿದು ಫೋನ್ ಮಾಡಿದಳು. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೂ ಇದೆ, ಆರ್.ವಿ. ರೋಡಲ್ಲಿ ರೈಲು ಬದಲಾಯಿಸು ಅಂದೆ. "ಮೆಟ್ರೋಗೆ ಯಾಕೆ ದುಡ್ಡು ದಂಡ?" ಅಂದವಳೇ ಕಂಡಕ್ಟರನ್ನ ಕೇಳ್ಕೊಂಡು ಚಂದಾಪುರದಲ್ಲಿ ಇಳಿದಳು.

ಪಿಜಿ ಆಂಟಿ ಕೇಳಿದ್ರು, "ಒಬ್ರೇ ಬಂದ್ರಾ?"

"ಹ್ಞೂಂ. ಯಾಕೆ?" ಅಂದಳು ಅಮ್ಮ.