ಎರಡಾಣೆಯ ಚಾಕರಿ

ಸಂಸ್ಥೆಯು ಯಾವುದನ್ನು ಬಯಸುತ್ತದೆಯೋ ಅದನ್ನೇ ಸಂಬಳಕ್ಕೆ ನಿಂತವನೂ ಮನಸಾರೆ ಬಯಸುವಂತೆ ಮಾಡುವುದು ಹೇಗೆ? ದೊಡ್ಡ ವ್ಯವಹಾರಗಳನ್ನು ನಡೆಸುವವರಿಗೆ ಈ ಚಿಂತೆ ಹಿಂದಿನಿಂದಲೂ ಉಂಟು. ಆಳಿನ ವಿಷಯದಲ್ಲಿ ಗೃಹಿಣಿಗೂ, ಕಾವಲುಗಾರನ ವಿಷಯದಲ್ಲಿ ತೋಟದ ಒಡೆಯನಿಗೂ ಇರುವ ಚಿಂತೆಯೇ ಇದು. ಈಚೆಗೆ ಇದಕ್ಕೊಂದು ಶಾಸ್ತ್ರವೇ ಬೆಳೆದಿದೆ. ಧ್ಯೇಯವಾಕ್ಯವನ್ನು ಗೋಡೆಗೆ ತೂಗಹಾಕುವುದು, ವರ್ಷಾರಂಭದಲ್ಲಿ ಒಬ್ಬೊಬ್ಬನ ಕೈಗೂ ಗುರಿಗಳ ಪಟ್ಟಿಯೊಂದನ್ನು ಕೊಡುವುದು, ವರ್ಷಾಂತ್ಯದಲ್ಲಿ ಅವನನ್ನು ಅದರಿಂದಲೇ ಅಳೆಯುವುದು, ಇವೆಲ್ಲ ಅದರ ವಿಧಿಗಳು. ಈ ಶಾಸ್ತ್ರಕ್ಕಿಂತ ಹಳೆಯದಾದ ಒಂದು ಪ್ರಯೋಗವು ಕನ್ನಡ ಕರಾವಳಿಯಲ್ಲಿ ನಡೆದಿತ್ತು.

ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಉಡುಪಿಯಲ್ಲಿ ಕೈಮಗ್ಗದ ನೇಕಾರರು ಸಂಕಟದಲ್ಲಿದ್ದ ಕಾಲವದು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಎಂಬ ಮೂವರು 8,000 ರೂಪಾಯಿಗಳ ಬಂಡವಾಳದಿಂದ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದುದು ಇದೇ. 1928ರಲ್ಲಿ ಇದು ಪಿಗ್ಮಿ ಎಂಬ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಮನೆಬಾಗಿಲಿಗೆ ಬಂದು ಒಯ್ಯುವ ಏರ್ಪಾಡು. ಒಯ್ಯುವವನಿಗೆ ತಿಂಗಳ ಸಂಬಳವಿಲ್ಲ. ಕೂಡಿಸಿದುದರ ಮೇಲೆ ಕಮಿಷನ್ನು ಮಾತ್ರ.

ಇದರ ಅಂದವಿರುವುದು ಇಲ್ಲಿಯೇ. ಬ್ಯಾಂಕಿಗೆ ಠೇವಣಿ ಬೇಕು. ಸಂಗ್ರಾಹಕನಿಗೆ ಕಮಿಷನ್ನು ಬೇಕು. ಕೊಡುವವನಿಗೆ ಮಗಳ ಮದುವೆಗೋ ಮಳೆಗಾಲದ ಖರ್ಚಿಗೋ ಒಂದು ಗಂಟು ಬೇಕು. ಒಬ್ಬನ ಬಯಕೆಯು ಇನ್ನೊಬ್ಬನ ಬಯಕೆಯನ್ನು ತಳ್ಳದೆ ಮೂರೂ ಒಂದೇ ದಾರಿಯಲ್ಲಿ ಸಾಗಿದುವು. ಗೋಡೆಯ ಮೇಲಣ ಬರಹವು ಬೇಕಾಗಲೇ ಇಲ್ಲ. ಸಂಜೆಯ ಹೊತ್ತು ಚೀಲವನ್ನು ಹೆಗಲಿಗೆ ತಗುಲಿಸಿಕೊಂಡು ಬರುವ ಪಿಗ್ಮಿಯವನನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾವ ಮನೆಯಲ್ಲಿ ಕಾಯಿಲೆ, ಯಾವ ಅಂಗಡಿಯಲ್ಲಿ ವ್ಯಾಪಾರ ಕುಸಿದಿದೆ, ಯಾರನ್ನು ಈ ವಾರ ಕೇಳಬಾರದು ಎಂಬುದೆಲ್ಲ ಅವನಿಗೆ ಗೊತ್ತು. ಮೋಸಮಾಡಿದ ಸಂಗ್ರಾಹಕರು ಇರಲೇ ಇಲ್ಲವೆಂದು ಹೇಳಲಾಗದು. ಆದರೆ ಇಂದು ತಟ್ಟಿದ ಬಾಗಿಲನ್ನೇ ನಾಳೆಯೂ ತಟ್ಟಬೇಕಾದವನಿಗೆ ಅಂಥ ಕೆಲಸವು ಸುಲಭವಲ್ಲ.

ಕಮಿಷನ್ನು ಮತ್ತು ಗುರಿಗಳೇ ಸರ್ವೌಷಧವೆಂದು ಇದರಿಂದ ತಿಳಿಯಬಾರದು. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಪ್ರತಿ ಗಿರಾಕಿಗೂ ಎಂಟೆಂಟು ಬಗೆಯ ಸೌಲಭ್ಯಗಳನ್ನು ಮಾರಬೇಕೆಂಬ ಗುರಿಯನ್ನಿಟ್ಟುಕೊಂಡು, ಶಾಖೆಗಳ ನೌಕರರ ಮೇಲೆ ದಿನದಿನದ ಲೆಕ್ಕದ ಒತ್ತಡವನ್ನು ಹೇರಿತು. ನೌಕರರೂ ಲೆಕ್ಕವನ್ನು ಒಪ್ಪಿಸಿದರು. ಗಿರಾಕಿಗಳು ಕೇಳದಿದ್ದ ಖಾತೆಗಳನ್ನು ಅವರ ಹೆಸರಿನಲ್ಲಿ ತೆರೆದು ಒಪ್ಪಿಸಿದರು! 2016ರ ಸೆಪ್ಟೆಂಬರಿನಲ್ಲಿ ಇದು ಬಯಲಿಗೆ ಬಂದಾಗ ಬ್ಯಾಂಕಿಗೆ 18 ಕೋಟಿ 50 ಲಕ್ಷ ಡಾಲರುಗಳ ದಂಡವಾಯಿತು. ಅಷ್ಟರೊಳಗೆ ಸುಮಾರು 5,300 ಮಂದಿ ನೌಕರರು ಕೆಲಸವನ್ನು ಕಳೆದುಕೊಂಡಿದ್ದರು. ಆ ನೌಕರರು ಸಂಸ್ಥೆಯ ಗುರಿಯನ್ನು ಅರಿಯದೆ ಕೆಟ್ಟವರಲ್ಲ, ಅದನ್ನು ಅಕ್ಷರಶಃ ಅರಿತೇ ಕೆಟ್ಟರು. ಉಡುಪಿಯ ಲೆಕ್ಕದಲ್ಲಿ ಮೂರನೆಯವನಾಗಿದ್ದ ಗಿರಾಕಿಯ ಬಯಕೆಗೆ ಇಲ್ಲಿ ಎಡೆಯಿರಲಿಲ್ಲ.

ಹಾಗಾದರೆ ಪಿಗ್ಮಿಯವನಿಗೆ ನ್ಯಾಯವು ದೊರೆಯಿತೇ? ಈ ಕಥೆಯಲ್ಲಿ ಅಷ್ಟು ಹಿತವಲ್ಲದ ಭಾಗವಿದು. ಸಂಸ್ಥೆಯ ಗುರಿಯನ್ನು ಇವನಷ್ಟು ದೂರ ಹೊತ್ತು ನಡೆದ ನೌಕರನು ಇನ್ನೊಬ್ಬನಿರಲಾರನು. ಆದರೆ ಹಕ್ಕಿನ ಪ್ರಶ್ನೆಯು ಎದ್ದಾಗ ಬ್ಯಾಂಕುಗಳು, ಇವರು ತಮ್ಮ ಕೆಲಸಗಾರರೇ ಅಲ್ಲ, ಕರಾರಿನ ಮೇಲೆ ದುಡಿಯುವ ಏಜೆಂಟರು ಮಾತ್ರವೆಂದು ವಾದಿಸಿದುವು. ಬಿಸಿಲಿಗೂ ಮಳೆಗೂ ಅವನು ಬ್ಯಾಂಕಿನವನು; ಮುಪ್ಪಿಗೆ ಮಾತ್ರ ಅಲ್ಲ. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಠೇವಣಿ ಸಂಗ್ರಾಹಕರು ಕೆಲಸಗಾರರೇ ಸರಿ, ಅವರ ಕಮಿಷನ್ನು ದುಡಿಮೆಗೆ ತಕ್ಕಂತೆ ಏರಿಳಿಯುವ ವೇತನವೇ ಸರಿ ಎಂದು ಆ ನ್ಯಾಯಾಲಯವು 2001ರಲ್ಲಿ ತೀರ್ಪಿತ್ತಿತು. ಖಾಯಂ ಗುಮಾಸ್ತರ ಸಂಬಳಶ್ರೇಣಿಯು ಅವರಿಗೆ ದೊರೆಯಲಿಲ್ಲ. ಗ್ರಾಚ್ಯುಯಿಟಿಯ ಹಕ್ಕು ಉಳಿಯಿತು.

ಪಿಗ್ಮಿಗೆ ಅಷ್ಟರಲ್ಲಿ ಸುಮಾರು 73 ವರ್ಷಗಳಾಗಿದ್ದುವು. ಎರಡಾಣೆಗಳನ್ನು ಕೂಡಿಸುತ್ತ ಉಡುಪಿಯ ಓಣಿಗಳಲ್ಲಿ ಮೊದಲು ನಡೆದವರಲ್ಲಿ ಆ ತೀರ್ಪನ್ನು ಕೇಳುವುದಕ್ಕೆ ಉಳಿದವರು ತೀರ ವಿರಳವಾಗಿದ್ದಿರಬೇಕು.